ನಮ್ಮ ಡಕೋಟಾ ಜೀಪಿಗೆ ಮೊದಲ ಏನ ಹಾಕಸಬೇಕು?

ಮೊನ್ನೆ ನಮ್ಮ ನೆಗೆಣ್ಣಿ ಮಗಳ ಕುಬಸದಾಗ ಊಟಕ್ಕ ಕುಂತಿದ್ದಿವಿ. ಬಾಜೂ ಮನಿ ಕಾಕೂ ಪಂಕ್ತಿ ತುಂಬ ಕೇಳೋ ಹಂಗ ಕೇಳೇಬಿಟ್ಟರು, "ಏನವಾ, ಇನ್ನೂ ಆ ಡಕೋಟಾ ಜೀಪ ಮನಿ ಮುಂದ ನಿಲ್ಲಿಸೀರಲ್ಲ, ಗುಜರಿಗೆ ಹಾಕಿ ಒಂದು ಛಲೋ ಕಾರ ತಗೋಬಾರದೇನು?" ನನ್ನ ಬಾಯಾಗ ಹೋಳಿಗಿ ಇತ್ತು. ಉತ್ತರ ಕೊಡೂದರಾಗ ಅವರು ಅನ್ನ ಬಡಿಸಾಕ ಎದ್ದು ಹೋದ್ರು. ಅದಕ್ಕ ಇಲ್ಲಿ ಬರಿಯಾಕತ್ತೀನಿ. ಕಾಕೂನೂ ಓದ್ತಾರ, ಗೊತ್ತೈತಿ ನಂಗ.

ಮೊದಲ ಜೀಪಿನ ಪರಿಚಯ ಮಾಡ್ತೀನಿ. ಮಹೀಂದ್ರಾ ಎಂಎಂ 540, 1996ರದ್ದು, ಕೆಎ 28 ನಂಬರಿನದು. ನಮ್ಮ ಮಾವನವರು ತಗೊಂಡಾಗ ನಮ್ಮೂರಿಗೆ ಇನ್ನೂ ಬಿಜಾಪುರ ಅಂತನ ಹೆಸರು. ಟಿಕೋಟಾ ಕಡೆ ದ್ರಾಕ್ಷಿ ಪಡ ಹಚ್ಚಿದ ವರ್ಷ ಅದು. ಮಣೂಕದ ರೊಕ್ಕಾ ಬಂದ ಮ್ಯಾಲೆ ಮಂದಿ ಬಂಗಾರ ತಗೊಂಡ್ರ ನಮ್ಮ ಮಾವ ಜೀಪ ತಂದು ನಿಲ್ಲಿಸಿದ್ರು. ಅತ್ತಿಯವರು ಎಂಟ ದಿನ ಮಾತ ಬಿಟ್ಟಿದ್ರಂತ. ಅದರೊಳಗಿನ ಇಂಜಿನ್ನು ಮೂಲದಾಗ ಫ್ರಾನ್ಸ್ ದೇಶದ ಪೂಜೋ ಕಂಪನಿದು. 2112 ಸಿಸಿ, 62 ಕುದುರಿ ಶಕ್ತಿ. ಈಗಿನ ಗಾಡಿಗೋಳ ಮುಂದ ಏನೂ ಅಲ್ಲ. ಸಿಂದಗಿ ನಾಕಾದಾಗ ಸ್ಕೂಟಿ ಮ್ಯಾಲಿನ ಹುಡುಗ್ಯಾರೂ ನಮ್ಮನ್ನ ಹಿಂದ ಹಾಕಿ ಹೋಗ್ತಾರ. ಆದ್ರ ಎರಿ ಮಣ್ಣಿನ ದಾರ್ಯಾಗ ಮಳಿ ಬಿದ್ದ ಮರುದಿನ ಸ್ಕೂಟಿನೂ ಬರೂದಿಲ್ಲ, ಕಾರೂ ಬರೂದಿಲ್ಲ. ಗೇರಿನ ಬಾಜೂಕ ಇರೋ ಸಣ್ಣ ಲಿವರ್ ಎಳದು ನಾಕೂ ಗಾಲಿಗೆ ಶಕ್ತಿ ಕೊಟ್ಟು, ಲೋ ಹಾಕಿದ್ರ ಎಮ್ಮಿ ಕೆಸರಿನ್ಯಾಗಿಂದ ಏಳೋ ಹಂಗ ಎದ್ದು ಬರತೈತಿ.

ಮೀಟರಿನಾಗ ಐದ ಅಂಕಿ ಅಷ್ಟ ಅದಾವ. ಒಂದು ಲಕ್ಷ ಆತಂದ್ರ ಮತ್ತ ಸೊನ್ನಿ. ಹಂಗ ಮೂರ ಸಲ ಸೊನ್ನಿ ಆಗೇದ ಅಂತ ಮಾವ ಬರದಿಟ್ಟಾರ. ಆಮ್ಯಾಲೆ ಮೀಟರಿನ ಕೇಬಲ್ಲೇ ಹರಿದು ಹೋತು.

ಈ ವರ್ಷ ಜೂನ್‌ಕ್ಕ ಜೀಪಿಗೆ 30 ತುಂಬತಾವ, ಆರ್‌ಸಿ ಮತ್ತ ಹೊಸದು ಮಾಡಸಬೇಕು. ಜಗಳ ಚಾಲೂ ಆದದ್ದ ಅಲ್ಲಿಂದ. ಖಾಸಗಿ ಗಾಡಿಗೆ ಮೊದಲ 15 ವರ್ಷ ಆರ್‌ಸಿ ಇರತೈತಿ, ಆಮ್ಯಾಲೆ ಗಾಡಿ ಒಯ್ದು ತೋರಿಸಿ ಐದೈದು ವರ್ಷಕ್ಕೊಮ್ಮೆ ನವೀಕರಣ. ನಾವು 2011ಕ್ಕ ಮಾಡಿಸಿದ್ದಿವಿ, 2016ಕ್ಕ ಮಾಡಿಸಿದ್ದಿವಿ, 2021ಕ್ಕ 600 ರೂಪಾಯಿ ಫೀ ತುಂಬಿ ಬಂದಿದ್ದಿವಿ. 2022ರ ಏಪ್ರಿಲ್‌ದಿಂದ ಅದು 5,000 ಆತು. ಹೋದ ವರ್ಷ ಆಗಸ್ಟ್‌ದಾಗ 20 ವರ್ಷ ದಾಟಿದ ಕಾರು ಜೀಪಿಗೆ 10,000 ಅಂತ ಮಾಡ್ಯಾರ. ಹಸಿರು ತೆರಿಗಿ ಬ್ಯಾರೆ. ತಡಾ ಮಾಡಿದ್ರ ತಿಂಗಳಿಗೆ 500 ದಂಡ ಬ್ಯಾರೆ. ಅವಧಿ ಮುಗಿಯೂದಕ್ಕ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಇದನ್ನ ಕ್ಯಾಲೆಂಡರಿನ್ಯಾಗ ಬರದ ಇಟ್ಕೊಳ್ರಿ, ಗಂಡಸರು ಮರೀತಾರ. 15 ವರ್ಷ ಆತಂದ್ರ ಸರಕಾರದವರು ಗಾಡಿ ಒಯ್ದು ಒಡದ ಹಾಕ್ತಾರ ಅಂತ ಓಣ್ಯಾಗ ಸುದ್ದಿ ಐತಲ್ಲ, ಅದು ದಿಲ್ಲಿ ಕಡಿ ಕಟ್ಟಳಿ ಕೇಳಿ ಹುಟ್ಟಿದ ಮಾತು. ನಮ್ಮ ಕಡಿ ಖಾಸಗಿ ಗಾಡಿ ಪರೀಕ್ಷಾದಾಗ ಪಾಸಾದ್ರ ಓಡಸಬಹುದು.

ಹಿಂಗಾಗಿ ಮನ್ಯಾಗ ಮೂರ ಪಕ್ಷ ಆದುವು. ನಮ್ಮನಿಯವರು ಮಾರೋ ಪಕ್ಷ. ಈಗ ಇಂಥಾ ಹಳಿ ಜೀಪು ಹುಡುಕ್ಕೊಂಡು ಪುಣೆ, ಬೆಂಗಳೂರು ಕಡೆಯಿಂದ ಹುಡುಗ್ರು ಬರ್ತಾರ, ಗುಡ್ಡ ಹತ್ತೋ ಶೋಕಿ ಅವರಿಗೆ, ಕೇಳಿದಷ್ಟು ಕೊಡ್ತಾರ ಅಂತಾರ. ಮಗಂದು ಶೃಂಗಾರ ಪಕ್ಷ. ದೊಡ್ಡ ದೊಡ್ಡ ಗಾಲಿ, ಮುಂದ ಕಬ್ಬಿಣದ ಬಂಪರು, ತಲಿ ಮ್ಯಾಲೆ ಎಲ್‌ಇಡಿ ಲೈಟಿನ ಪಟ್ಟಿ, ಮತ್ತ ಯಾವುದೋ ಹೊಸಾ ಗಾಡಿಯ ಸೆಕೆಂಡ್ ಹ್ಯಾಂಡ್ ಟರ್ಬೋ ಇಂಜಿನ್. ಅವನ ಪಟ್ಟಿಯ ಲೆಕ್ಕ 1,80,000ಕ್ಕ ಹೋಗಿತ್ತು. ನಾನು ಮೂರನೇ ಪಕ್ಷ, ಒಬ್ಬಾಕೇ. ಜೀಪ ಇರಲಿ, ಆದ್ರ ರೊಕ್ಕ ಕೆಳಗಿನಿಂದ ಹಾಕೋಣು ಅಂತೀನಿ.

ಇದನ್ನ ಹಟಕ್ಕ ಹೇಳಾಕತ್ತಿಲ್ಲ. ಹೋದ ಮಾನೌಮಿ ಕಥಿ ಕೇಳ್ರಿ.

ಆಯುಧ ಪೂಜಾದ ಹಿಂದಿನ ದಿನ ಜೀಪ ತೊಳಿಯೂದು ನನ್ನ ಕೆಲಸ. ಪೈಪ್ ಹಿಡದು ಗಾಲಿ ತಿಕ್ಕುವಾಗ ಮುಂದಿನ ಎಡಗಡಿ ಗಾಲಿಯ ಒಳಬಾಜೂಕ ಒಂದು ಹಸಿ ಗೆರಿ ಕಂಡಿತ್ತು. ನೀರ ಇರಬೇಕು ಅಂದ್ಕೊಂಡೆ. ಅರಿವಿಲೆ ಒರಸಿದೆ, ಜಿಗಟ ಇತ್ತು, ಗ್ರೀಸ್ ಇರಬೇಕು ಅಂದ್ಕೊಂಡೆ. ಮರುದಿನ ಅದ ಗಾಲಿಗೆ ಅರಿಷಿಣ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲಿ ಹಾಕಿ, ಕಾಯಿ ಒಡದಿವಿ. ಅದ ಹಬ್ಬಕ್ಕ 7,000 ಕೊಟ್ಟು ಹೊಸಾ ಸೀಟ್ ಕವರ್ರೂ ಹಾಡಿನ ಪೆಟ್ಟಿಗಿನೂ ಹಾಕಿಸಿದ್ದಿವಿ. ಅದಕ್ಕಿಂತ ನಾಕ ತಿಂಗಳ ಮೊದಲ ಬ್ರೇಕ್ ಕೆಲಸ ಬಂದಾಗ ಮೇಸ್ತ್ರಿ ಎರಡು ಥರದ ಸಾಮಾನ ತೋರಿಸಿದ್ದ, ಒಂದು ಕಂಪನಿದು, ಒಂದು ಅಗ್ಗದ್ದು. 600 ರೂಪಾಯಿ ಫರಕ ಇತ್ತು. "ಅಗ್ಗದ್ದ ಹಾಕ್ರಿ, ಹಳಿ ಗಾಡಿಗೆ ಯಾಕ ಅಷ್ಟು" ಅಂದಾಕಿ ನಾನ. ಮೇಸ್ತ್ರಿದೂ ಅಲ್ಲ, ನಮ್ಮನಿಯವರದೂ ಅಲ್ಲ, ಅದು ನನ್ನ ಬಾಯಿಂದ ಬಂದ ಮಾತು.

ಹಬ್ಬ ಮುಗದ ವಾರಕ್ಕ ಅಕ್ಟೋಬರ್ ಚಾಟ್ನಿ ನಡದಿತ್ತು. ಸಂಜಿಮುಂದ ಪಡದಿಂದ ಟಿಕೋಟಾ ರೋಡಿಗೆ ಬರಾಕತ್ತಿದ್ದಿವಿ. ನಮ್ಮನಿಯವರು ಹೊಡಿಯಾಕತ್ತಿದ್ರು, ಬಾಜೂಕ ನಾನು, ಹಿಂದ 11 ಮಂದಿ ಕೂಲಿ ಹೆಣ್ಣಮಕ್ಕಳು. ಇಳಕಲಿನಾಗ ಬ್ರೇಕ್ ಒತ್ತಿದ್ರ ಪೆಡಲ್ಲು ಹಂಗ ತಳಕ್ಕ ಹೋತು. ಎರಡನೇ ಸಲ ಒತ್ತಿದ್ರೂ ಏನೂ ಇಲ್ಲ. ಹ್ಯಾಂಡ್ ಬ್ರೇಕ್ ಅಂತೂ ಯಾವಾಗೋ ಸತ್ತಿತ್ತು, ಗಾಲಿಗೆ ಕಲ್ಲು ಇಡೂದ ನಮ್ಮ ರೂಢಿ ಆಗಿತ್ತು. ಅವರು ಗೇರ್ ಇಳಿಸಿ ಇಳಿಸಿ, ಎದುರಿಗೆ ಟ್ರಾಕ್ಟರ್ ಬರೂದು ನೋಡಿ, ಬಲಕ್ಕ ತೊಗರಿ ಹೊಲಕ್ಕ ಹೊಳ್ಳಿಸಿಬಿಟ್ರು. ಎರಿ ಹೊಲ ಹಸಿ ಇತ್ತು, ತೊಗರಿ ಎದಿ ಮಟ ಬೆಳದಿತ್ತು, ಜೀಪ ಹೂತಕೊಂಡು ನಿಂತಿತು. ಹಿರ್ಯಾಕಿ ಒಬ್ಬಾಕಿಗೆ ಮಣಕಾಲ ಒಡದು ನಾಕ ಹೊಲಿಗಿ ಬಿದ್ದುವು. ಉಳದವರಿಗೆ ತರಚಗಾಯ. ಹೊಲದವರು ಓಡಿ ಬಂದು ಬೈತಾರ ಅಂತ ಅಂಜಿದ್ದೆ, ಅವರು ನೀರಿನ ಬಿಂದಿಗಿ ತಂದು ಇಟ್ರು. ಹಾಡಿನ ಪೆಟ್ಟಿಗಿ ಮಾತ್ರ ಹಾಡಕೋತನ ಇತ್ತು. ಅದನ್ನ ಬಂದ ಮಾಡಾಕ ನನ್ನ ಕೈ ಏಳಲಿಲ್ಲ, ಯಾರೋ ಹಿಂದಿನವರು ಬಂದು ಬಂದ ಮಾಡಿದ್ರು.

ಗಾಲಿ ಬಿಚ್ಚಿ ನೋಡಿದಾಗ ಸಣ್ಣ ಸಿಲಿಂಡರಿನೊಳಗಿನ ರಬ್ಬರಿನ ಕಪ್ಪು ಹರದಿತ್ತು, ಬ್ರೇಕ್ ಆಯಿಲ್ ಎಲ್ಲಾ ಆ ದಾರಿಲೆ ಸೋರಿ ಹೋಗಿತ್ತು. ನಾ ಹಬ್ಬಕ್ಕ ಒರಸಿದ್ದ ಜಿಗಟ ಗೆರಿ ಅದ.

ಅದಕ್ಕ ಹೇಳ್ತೀನಿ ಅಕ್ಕಾರ, ಗಾಡಿ ಹೊಡಿಯಾಕ ಬರಲಿ ಬಿಡಲಿ, ಗಾಡಿ ತೊಳಿಯೋರು ನಾವು. ಅಂಗಳದಾಗ ಎಣ್ಣಿ ಕಲೆ ಬಿದ್ರ ಮೊದಲ ನೋಡೋರು ನಾವು, ಯಾಕಂದ್ರ ರಂಗೋಲಿ ಹಾಕೋರು ನಾವು. ಕಪ್ಪ ಕಲೆ ಇದ್ರ ಇಂಜಿನ್ ಎಣ್ಣಿ. ದಪ್ಪ, ನಾರೋ ಎಣ್ಣಿ ಇದ್ರ ಗೇರಿಂದೋ ಹಿಂದಿನ ಅಚ್ಚಿಂದೋ. ಗಾಲಿ ಒಳಬಾಜೂಕ ತೆಳ್ಳಗ ಹಸಿ ಇದ್ರ ಅದು ಬ್ರೇಕು, ಅವತ್ತ ಗಾಡಿ ಮನಿ ಬಿಟ್ಟು ಹೊರಗ ಹೋಗಬಾರದು, ಮದುವಿ ಇದ್ರೂ ಹೋಗಬಾರದು.

ಬ್ರೇಕ್ ಆಯಿಲ್ ಬಗ್ಗೆ ಇನ್ನೊಂದ ಮಾತು. ಅದು ಉಪ್ಪಿನ ಹಂಗ, ಮಳಿಗಾಲದಾಗ ಡಬ್ಬಿ ಮುಚ್ಚಿದ್ರೂ ಹೆಂಗ ಉಪ್ಪು ಹಸಿ ಹಿಡೀತೈತಿ ಹಂಗ ಇದೂ ಗಾಳ್ಯಾಗಿನ ತೇವ ಹೀರತೈತಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ತಗದು ಹೊಸದು ಹಾಕಬೇಕು. ನಮ್ಮ ಜೀಪಿನ್ಯಾಗ ಎಷ್ಟು ವರ್ಷದಿಂದ ಅದ ಇತ್ತೋ ದೇವರಿಗೆ ಗೊತ್ತು, ಚಹಾದ ಬಣ್ಣ ಆಗಿತ್ತು.

ರೇಡಿಯೇಟರ್ ಕಥಿನೂ ಅಡಗಿಮನಿ ಕಥಿನ. ನಮ್ಮ ಬೋರಿನ ಸವಳ ನೀರಿಗೆ ಹಂಡೆದೊಳಗ ಬಿಳಿ ಪದರ ಹೆಂಗ ಕಟ್ಟತೈತಿ ನೋಡಿರಲ್ಲ, ಚಮಚಾಲೆ ಕೆರದ್ರೂ ಬಿಡೂದಿಲ್ಲ. ಅದ ನೀರು ಜೀಪಿಗೆ ಹಾಕಿದ್ರ ರೇಡಿಯೇಟರಿನ ಸಣ್ಣ ಸಣ್ಣ ನಳಿಗ್ಯಾಗೂ ಹಂಗ ಕಟ್ಟತೈತಿ. ಆಮ್ಯಾಲೆ ಏಪ್ರಿಲ್ ಬಿಸಲಾಗ ಬಬಲೇಶ್ವರ ದಾಟೂದರಾಗ ಗಾಡಿ ಕುದಿಯಾಕ ಹತ್ತತೈತಿ. ನಂಬ್ರಿ, ನಮ್ಮ ತವರಿಗೆ ಹೋಗೋ ಆ ರೋಡಿನ ಮ್ಯಾಲೆ ಎಷ್ಟ ಬೇವಿನ ಗಿಡ ಅದಾವ ಅಂತ ನಂಗ ಲೆಕ್ಕ ಗೊತ್ತೈತಿ, ಎಲ್ಲಾ ಗಿಡದ ಕೆಳಗೂ ನಿಂತು ಬಾನೆಟ್ ಎತ್ತೇವಿ. ಶುದ್ಧ ನೀರಿಗೆ ಕೂಲಂಟ್ ಕೂಡಿಸಿ ಹಾಕಿದ ಮ್ಯಾಲೆ ಆ ಕಾಟ ತಪ್ಪೇತಿ. ಕುದಿಯೋ ರೇಡಿಯೇಟರಿನ ಮುಚ್ಚಳಾ ಮಾತ್ರ ತಗೀಬ್ಯಾಡ್ರಿ. ಸೀಟಿ ಹೊಡಿಯೋ ಕುಕ್ಕರಿನ ಮುಚ್ಚಳಾ ತಗೀತೀರೇನು?

ಡೋಣಿ ಹೊಳಿ ತುಂಬಿದಾಗ ಸಾರವಾಡ ಕಡೆ, ಧನ್ಯಾಳ ಕಡೆ ದಾರಿ ಏನಾಗತೈತಿ ಅಂತ ನಿಮಗ ಹೇಳಬೇಕಿಲ್ಲ. ಫೋರ್ ವೀಲ್ ಐತಿ ಅಂತ ಹರಿಯೋ ನೀರಾಗ ಜೀಪ ಇಳಿಸೋ ಗಂಡಸರಿಗೆ ನನ್ನ ವಿರೋಧ ಐತಿ. ನಾಕ ಗಾಲಿ ತಿರಗತಾವ ಅಂದ್ರ ತೇಲೂದಿಲ್ಲ ಅಂತ ಅರ್ಥ ಅಲ್ಲ. ಹೊಲದ ಹಳ್ಳದಾಗ ಮಣಕಾಲಿನ ಕೆಳಗಿನ ನಿಂತ ನೀರಿನ್ಯಾಗ ಹೋಗಿ ಬಂದ್ರೂ ಎರಡು ಕೆಲಸ ಅದಾವ. ನಮ್ಮ ಜೀಪಿಗೆ ನಾಕೂ ಕಡಿ ಡ್ರಮ್ ಬ್ರೇಕು, ತೋಯ್ದವಂದ್ರ ಹಿಡಿಯೂದಿಲ್ಲ, ಸಾವಕಾಶ ಹೋಗಿಕೋತ ಹಗೂರಕ ಒತ್ತಿ ಒತ್ತಿ ಒಣಗಿಸಬೇಕು. ಮರುದಿನ ಗ್ರೀಸ್ ಹೊಡಸಬೇಕು, ಅಚ್ಚಿನ ಎಣ್ಣಿ ನೋಡಸಬೇಕು. ಎಣ್ಣಿ ಮಜ್ಜಿಗಿ ಬಣ್ಣ ಆಗಿತ್ತಂದ್ರ ನೀರ ಹೊಕ್ಕೈತಿ, ಬದಲಿ ಮಾಡಬೇಕು. ಗ್ರೀಸಿಗೆ ಎಷ್ಟು ಖರ್ಚು? ಒಂದು ಕಿಲೋ ಬದಾಮಿನಷ್ಟೂ ಆಗೂದಿಲ್ಲ. ಅಚ್ಚು ಹೋತಂದ್ರ ಬಳಿ ಅಡಾ ಇಡಬೇಕು.

ಇನ್ನ ಆ ಫೋರ್ ವೀಲ್ ಲಿವರು. ಒಣಾ ಡಾಂಬರ ರೋಡಿನ ಮ್ಯಾಲೆ ಅದನ್ನ ಹಾಕಿ ಓಡಸಬಾರದು. ಹಳಿ ಜೀಪಿನ್ಯಾಗ ಮುಂದಿನ ಅಚ್ಚು ಹಿಂದಿನ ಅಚ್ಚು ಒಂದಕ್ಕೊಂದು ಬಿಗದಂಗ ಆಗತಾವ, ತಿರುವಿನಾಗ ಮುಂದಿನ ಗಾಲಿ ಜಾಸ್ತಿ ದಾರಿ ಹೋಗಬೇಕಾಗತೈತಿ, ಹಿಂದಿನದು ಬಿಡೂದಿಲ್ಲ. ಒಂದ ಸೆರಗಿಗೆ ಗಂಟ ಹಾಕಿದ ಇಬ್ಬರು ಹುಡುಗೂರನ ಓಡಿಸಿದಂಗ. ಟೈರು ಸವಿತಾವ, ಗೇರಿನ ಪೆಟ್ಟಿಗಿ ಹೋಗತೈತಿ. ಕೆಸರಿನಾಗ ಗಾಲಿ ಸ್ವಲ್ಪ ಜಾರತೈತಿ, ಅದಕ್ಕ ಅಲ್ಲಿ ನಡೀತೈತಿ. ತಿಂಗಳಿಗೊಮ್ಮೆ ಹೊಲದಾಗ ಹಾಕಿ ನಾಕ ಹೆಜ್ಜಿ ಓಡಿಸಿದ್ರ ಛಲೋ, ಇಲ್ಲಂದ್ರ ಬೇಕಾದ ದಿನ ಲಿವರ್ ಜಗ್ಗೂದಿಲ್ಲ.

ಈಗ ಮಗನ ಪಟ್ಟಿಗೆ ಬರ್ತೀನಿ. ಅವನಿಗೆ ಸಿಟ್ಟು ಬರತೈತಿ, ಬರಲಿ. ದೊಡ್ಡ ಅಗಲ ಗಾಲಿ ಹಾಕಿದ್ರ ನೋಡಾಕ ಚಂದ. ಆದ್ರ ಭಾರಾ ಜಾಸ್ತಿ, ಬ್ರೇಕಿಗೂ ಸ್ಟೇರಿಂಗಿಗೂ ಬೇರಿಂಗಿಗೂ ಹೊರಿ. ಎರಿ ಕೆಸರಿಗೆ ಸಣ್ಣ ಗಾಲಿನ ವಾಸಿ, ಕೆಸರ ಕೊಯ್ಕೊಂಡು ಗಟ್ಟಿ ನೆಲ ಹಿಡೀತೈತಿ, ಇದು ನಮ್ಮ ಮಾವನವರ ಮಾತು, ನಾನೂ ಕಣ್ಣಾರೆ ನೋಡೀನಿ. ಗಾಲಿ ದೊಡ್ಡದು ಮಾಡೂದಕ್ಕಿಂತ ಗಾಲಿ ವಯಸ್ಸು ನೋಡ್ರಿ. ಟೈರಿನ ಬಾಜೂಕ ನಾಕ ಅಂಕಿ ಇರತಾವ, ಮೊದಲಿನ ಎರಡು ವಾರ, ಕಡೀ ಎರಡು ವರ್ಷ. 3414 ಅಂತ ಇದ್ರ 2014ರ 34ನೇ ವಾರದಾಗ ಮಾಡಿದ್ದು. ನಮ್ಮ ಸ್ಟೆಪ್ನಿದು ನೋಡಿದೆ, 2009ರದ್ದು. ನೋಡಾಕ ಹೊಸದರಂಗ ಇತ್ತು, ಹತ್ರ ಹೋದ್ರ ಒಣಗಿದ ಕೆರಿ ತಳದ ಹಂಗ ಬಿರಿ ಬಿಟ್ಟಿತ್ತು.

ಕಬ್ಬಿಣದ ಬಂಪರ್ ಕಾನೂನಿಗೆ ಒಪ್ಪೂದಿಲ್ಲ, 2017ರ ಡಿಸೆಂಬರ್‌ದಾಗ ಕೇಂದ್ರ ಸರಕಾರ ಎಲ್ಲಾ ರಾಜ್ಯಕ್ಕೂ ಪತ್ರ ಬರದೈತಿ. ಎದುರಿಗೆ ನಡಕೊಂತ ಹೋಗೋರಿಗೆ ಬಡದ್ರ ಅದು ಜೀವಾ ತಗೀತೈತಿ. ಇಂಜಿನ್ ಬದಲಿ ಮಾಡೂದು ಇನ್ನೂ ದೊಡ್ಡ ತಲಿಬ್ಯಾನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯವರು ಮಾಡಿಕೊಟ್ಟ ರೂಪ ಬದಲಿ ಮಾಡುವಂಗಿಲ್ಲ, 2019ರ ಜನವರಿದಾಗ ಸುಪ್ರೀಂ ಕೋರ್ಟೂ ಅದನ್ನ ಹೇಳೇತಿ. ಅನುಮತಿ ಇಲ್ಲದ ಬ್ಯಾರೆ ನಂಬರಿನ ಇಂಜಿನ್ ಕೂಡಿಸಿದ್ರ ಆರ್‌ಸಿ ಒಂದ ಹೇಳತೈತಿ, ಗಾಡಿ ಒಂದ ಹೇಳತೈತಿ. ಆರ್‌ಟಿಓ ಆಫೀಸಿನ್ಯಾಗ ನಿಂತು ಯಾರು ಉತ್ತರ ಕೊಡಬೇಕು? ಗಾಡಿ ಈಗ ನನ್ನ ಹೆಸರಿಗೆ ಐತಿ, ಅಂದ್ರ ನಾನ.

ಅವನ ಪಟ್ಟ್ಯಾಗಿನ ಲೈಟಿನ ಮಾತು ಮಾತ್ರ ಅರ್ಧ ಒಪ್ಪೀನಿ. ಪಟ್ಟಿ ಬ್ಯಾಡ, ಇದ್ದ ದೀಪದ ವೈರಿಂಗು ಹೊಸದಾಗಲಿ. 30 ವರ್ಷದ ವೈರು ಇಲಿ ಕಡದು, ಟೇಪ್ ಸುತ್ತಿ, ಅದರ ಮ್ಯಾಲೆ ಮತ್ತ ಟೇಪ್ ಸುತ್ತಿ, ಬಾಣಂತಿ ತಲಿಗೆ ಅರಿವಿ ಕಟ್ಟಿದಂಗ ಆಗೇತಿ. ಬೆಂಕಿ ಹತ್ತಿದ್ರ ಅಲ್ಲಿಂದನ ಹತ್ತೂದು.

ಮಾರಾಕ ನಮ್ಮನಿಯವರಿಗೆ ನಾ ಯಾಕ ಬ್ಯಾಡ ಅಂದೆ ಅಂದ್ರ, ಹೊಸಾ ಫೋರ್ ವೀಲ್ ಗಾಡಿ 10 ಲಕ್ಷ ದಾಟತೈತಿ. ಮಣೂಕದ ರೇಟು ತಾಸಗಾಂವ ಪ್ಯಾಟ್ಯಾಗ ಈ ವಾರ ಒಂದು, ಮುಂದಿನ ವಾರ ಒಂದು. ಶೆಡ್ಡಿನ್ಯಾಗ ಹಣ್ಣ ಒಣಗಾಕ ಹಾಕಿದಾಗ ಒಂದು ಅಡ್ಡಮಳಿ ಬಂದ್ರ ವರ್ಷದ ದುಡಿಮಿ ಕಪ್ಪ ಆಗತೈತಿ. ಅಂಥಾ ಬೆಳಿ ನಂಬಿ ಬ್ಯಾಂಕಿನ ಕಂತು ಹೊತಗೊಳ್ಳಾಕ ನಂಗ ಧೈರ್ಯ ಇಲ್ಲ. ಈ ಜೀಪು ಕಂಪ್ಯೂಟರ್ ಇಲ್ಲದ ಗಾಡಿ, ಹೊಲದಾಗ ನಿಂತ್ರ ಪಾನಾ, ತಂತಿ ಹಿಡದು ಮನಿಗೆ ಮುಟ್ಟಸಬಹುದು. ಕಂಪನಿಯ ಸಾಮಾನು ಇನ್ನೂ ವಿಜಯಪುರದಾಗ ಸಿಗತಾವ. ಆದ್ರ ಇದನ್ನೂ ಹೇಳಬೇಕು, ಚಾಸಿ ತುಕ್ಕ ತಿಂದು ಬೆರಳ ತೂರೋ ಹಂಗ ಆಗಿದ್ರ ನಾನೂ ಮಾರೋ ಪಕ್ಷಕ್ಕ ಹೋಗಿರ್ತಿದ್ದೆ. ಮೇಸ್ತ್ರಿ ಸುತ್ತಿಗಿಲೆ ಬಡದು ಬಡದು ತೋರಿಸಿದ. ಗಟ್ಟಿ ಐತಿ. ನಮ್ಮ ಒಣಾ ಹವಾದ ಪುಣ್ಯ.

ಕಡೀಕ ಒಂದ ಮಾತು, ಇದು ಬಹಳ ಮಂದಿಗೆ ರುಚಿಸೂದಿಲ್ಲ. ಆ 11 ಮಂದಿ. ಚಾಟ್ನಿ ದಿನದಾಗ ನಮ್ಮ ಕಡಿ ಎಲ್ಲಾರ ಜೀಪು, ಟಂಟಂ, ಕ್ರೂಸರ್ ಹಿಂಗ ತುಂಬಕೊಂಡ ಹೋಗತಾವ, ನಾವೊಬ್ಬರ ಅಲ್ಲ. "ಸರಕೊಳ್ರಿ, ಇನ್ನೊಬ್ಬಾಕಿ ಕೂಡ್ಲಿ" ಅಂತ ಎಷ್ಟೋ ಮುಂಜಾನಿ ನಾನ ಕೂಗೀನಿ. ಒಂದ ಟ್ರಿಪ್ಪಿನ ಡೀಸೆಲ್ ಉಳೀತೈತಿ ಅಂತ. ಅಪಘಾತ ಆದ ಮ್ಯಾಲೆ ವಿಮಾ ಕಾಗದ ತಗದು ಓದಿಸಿದ್ರ, ನಮ್ಮದು ಬರೇ ಥರ್ಡ್ ಪಾರ್ಟಿ. ಅದರಾಗ ರೋಡಿನ ಮ್ಯಾಲಿನ ಮಂದಿಗೆ ಪರಿಹಾರ ಐತಿ, ನಮ್ಮ ಗಾಡ್ಯಾಗ ಕುಂತ ಕೂಲಿಯವರಿಗೆ ಸಿಗೂದು ಕಷ್ಟ. ಹಿರ್ಯಾಕಿ ದವಾಖಾನಿ ಖರ್ಚು ನಾವು ಕೊಟ್ಟಿವಿ, ಅದು ನಾಕ ಹೊಲಿಗಿ ಅಂತ ಕೊಟ್ಟಿವಿ. ಬ್ಯಾರೆ ಏನಾರ ಆಗಿದ್ರ ಯಾವ ಪಡ ಮಾರಿ ಕೊಡ್ತಿದ್ದಿವಿ?

ಕೂಲಿಯವರನ್ನ ಕರಕೊಂಡ ಹೋಗೂದು ಹಳದಿ ಬೋರ್ಡಿನ ಗಾಡಿ ಕೆಲಸ, ಸೀಟಿನಷ್ಟ ಮಂದಿ. ಸುಗ್ಗಿ ದಿನಕ್ಕ ಬಾಡಗಿ ಗಾಡಿ ಹೇಳೂದು ಅಂತ ಈ ವರ್ಷ ಮಾಡೀವಿ. ರೊಕ್ಕಾ ಹೋಗತೈತಿ, ಹೌದು. ನಮ್ಮ ಭಾವನವರು "ನಿಮಗ ಶ್ರೀಮಂತಿಕಿ ಬಂದೈತಿ" ಅಂದ್ರು. ಮಗನ 1,80,000ದ ಪಟ್ಟಿ ಮುಂದ ಇಟ್ಟು ಲೆಕ್ಕ ಮಾಡಿದೆ, ಅದರಾಗ ಎಷ್ಟ ಸುಗ್ಗಿಯ ಬಾಡಗಿ ಆಗತೈತಿ ಅಂತ. ಮಗ ಸುಮ್ಮನಾದ. ಭಾವನವರು ಆಗಲಿಲ್ಲ.

ಜೀಪಿನ್ಯಾಗ ಇನ್ಮ್ಯಾಲೆ ಆರ್‌ಸಿ ಮ್ಯಾಲೆ ಬರದಷ್ಟ ಮಂದಿ ಅಷ್ಟ. ಈಗ ಗ್ಯಾರೇಜಿನ್ಯಾಗ ಐತಿ. ನಾಕೂ ಗಾಲಿಯ ಸಿಲಿಂಡರು, ಲೈನರು, ಪೈಪು, ಎಲ್ಲಾ ಕಂಪನಿದು. ಹ್ಯಾಂಡ್ ಬ್ರೇಕ್ ಜೀವಂತ ಆಗಬೇಕು ಅಂತ ಬರದ ಕೊಟ್ಟೀನಿ. ವೈರಿಂಗು, ಐದು ಟೈರು, ಗ್ರೀಸು. ಎಲ್ಲಾ ಕೂಡಿ 60,000ದ ಒಳಗ ಅಂದಾರ, 70 ಆಗತೈತಿ ಅಂತ ನಂಗ ಗೊತ್ತೈತಿ. ಬಿಲ್ಲಿನ ವಹಿ ನನ್ನ ಕಡಿ ಐತಿ, ಮಸಾಲಿ ಡಬ್ಬಿ ಬಾಜೂಕ.

ಮಣಕಾಲಿಗೆ ಹೊಲಿಗಿ ಬಿದ್ದಾಕಿ ಹತ್ರ ಹೋದ ವಾರ ಹೋಗಿದ್ದೆ, ಉಪ್ಪಿನಕಾಯಿ ಕೊಟ್ಟು ಬರಾಕ. ಜೀಪಿಗೆ ಏನೇನೋ ಹಾಕಸಾಕತ್ತೀವಿ, ನಿಂಗೇನರ ಅನಸತೈತೇನಬೇ ಅಂತ ಕೇಳಿದೆ. ಆಕಿ ಸ್ವಲ್ಪ ಹೊತ್ತು ಸುಮ್ಮನ ಕುಂತು, "ಹಿಂದ ಹತ್ತಾಕ ಒಂದ ಪಾವಟಿಗಿ ಹಾಕಸ್ರಿ ಯವ್ವಾ, ಇಪ್ಪತ್ತ ವರ್ಷದಿಂದ ಸೀರಿ ಎತ್ತಿ ಹಿಡದು ಹತ್ತೇನಿ" ಅಂದಳು. ಗ್ಯಾರೇಜಿನವನಿಗೆ ಫೋನ್ ಮಾಡಿ ಕೇಳಿದೆ. ಪಾವಟಿಗಿ, ಬಾಜೂಕ ಹಿಡಕೊಳ್ಳಾಕ ಒಂದು ಕಬ್ಬಿಣದ ಹಿಡಿಕಿ, ಎರಡೂ ಕೂಡಿ 1,800 ಅಂದ.